ಪೆಟ್ಟಿಗೆ ಕೊಳ್ಳುವ ಮುನ್ನ ಲಾಗ್ ಸರಿಮಾಡಿ: ಕಾಲೇಜು ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರೇ, ಕುಲಸಚಿವರೇ, ನೆಟ್‌ವರ್ಕ್ ಸಮಿತಿಯ ಸದಸ್ಯರೇ,

ನಿಮ್ಮ ಸಂಸ್ಥೆಯ ಮೇಲ್‌ಗೆ ಒಂದು ದೂರು ಬರುತ್ತದೆ: ಇಂಥ ಐಪಿ ವಿಳಾಸದಿಂದ, ಇಂಥ ಹೊತ್ತಿನಲ್ಲಿ, ಇಂಥ ಸಿನಿಮಾವನ್ನು ಟೊರೆಂಟ್ ಮೂಲಕ ಹಂಚಲಾಗಿದೆ, ನಿಲ್ಲಿಸಿ. ಬಹಳ ಕಡೆ ಇದಕ್ಕೆ ಎರಡೇ ಬಗೆಯ ಉತ್ತರ. ಒಂದೋ ಆ ಮೇಲ್ ಅನ್ನು ಯಾರೂ ತೆರೆದು ನೋಡುವುದಿಲ್ಲ. ಇಲ್ಲವೇ ದೂರುಗಳು ರಾಶಿ ಬಿದ್ದು ಆಡಳಿತ ಮಂಡಳಿಯವರೆಗೆ ಸುದ್ದಿ ಹೋದ ಮೇಲೆ, ಟೊರೆಂಟನ್ನೇ ಹಿಡಿದು ನಿಲ್ಲಿಸುತ್ತದೆ ಎಂಬ ಭರವಸೆಯ ದುಬಾರಿ ಪೆಟ್ಟಿಗೆಯೊಂದನ್ನು ತಂದು ಸರ್ವರ್ ಕೋಣೆಯಲ್ಲಿ ಕೂರಿಸುತ್ತಾರೆ. ಕ್ಯಾಂಪಸ್ ನೆಟ್‌ವರ್ಕ್ ನೋಡಿಕೊಳ್ಳುವವರು ಮತ್ತು ಗ್ರಂಥಾಲಯದಲ್ಲಿ ದುಡಿಯುವವರು ಸೇರಿ ಬರೆಯುತ್ತಿರುವ ಪತ್ರ ಇದು. ನಮ್ಮ ಕೋರಿಕೆ ಇಷ್ಟೇ: ಪೆಟ್ಟಿಗೆಗೆ ಹಣ ಮಂಜೂರು ಮಾಡುವ ಮುನ್ನ ನಿಮ್ಮ ಲಾಗ್‌ಗಳು (ಯಾವ ಸಂಪರ್ಕ ಯಾವಾಗ ಯಾರದ್ದಾಗಿತ್ತು ಎಂಬ ಯಂತ್ರದ ದಾಖಲೆಗಳು) ಸರಿಯಿವೆಯೇ ನೋಡಿ, ದೂರು ಬಂದಾಗ ಯಾರು ಏನು ಮಾಡಬೇಕೆಂದು ಬರೆದಿಡಿ, ಪಠ್ಯಪುಸ್ತಕ ನ್ಯಾಯವಾಗಿ ಸಿಗುವ ದಾರಿಯನ್ನು ಹತ್ತಿರ ಮಾಡಿ.

ಮೊದಲು ವಿದ್ಯಾರ್ಥಿಗಳ ಕಡೆಯಿಂದ ನೋಡೋಣ. "ನಾನು ಯಾರಿಗೂ ಹಂಚಿಲ್ಲ, ಬರೀ ಡೌನ್‌ಲೋಡ್ ಮಾಡ್ಕೊಂಡೆ" ಎಂಬ ಮಾತು ದೂರು ತಲುಪಿದವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಸುಳ್ಳು ಹೇಳುವ ಉದ್ದೇಶದ ಮಾತಲ್ಲ, ಯಂತ್ರ ಒಳಗೆ ಏನು ಮಾಡುತ್ತಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಟೊರೆಂಟ್ ಒಂದು ಫೈಲನ್ನು ತುಂಡು ತುಂಡಾಗಿ ಒಡೆದಿರುತ್ತದೆ. ಒಂದೊಂದು ತುಂಡು ಸಾಮಾನ್ಯವಾಗಿ 256 ಕೆಬಿಯಿಂದ ಕೆಲವು ಎಂಬಿಯಷ್ಟು. ಮೊದಲ ತುಂಡು ಪೂರ್ತಿ ಇಳಿದು ಹ್ಯಾಶ್ (ತುಂಡು ಸರಿಯಿದೆಯೇ ಎಂದು ನೋಡುವ ಗುರುತುಸಂಖ್ಯೆ) ತಾಳೆಯಾದ ಕೂಡಲೇ ತಂತ್ರಾಂಶ ಅದನ್ನು ಬೇರೆಯವರಿಗೆ ಕೊಡಲು ಶುರುಮಾಡುತ್ತದೆ. ಸಿನಿಮಾ ಅರ್ಧ ಇಳಿಯುವ ಹೊತ್ತಿಗೆ ಆ ಲ್ಯಾಪ್‌ಟಾಪ್ ಹಲವು ಅಪರಿಚಿತರಿಗೆ ಹಂಚಿಕೆದಾರ ಆಗಿಬಿಟ್ಟಿರುತ್ತದೆ. ಕಾನೂನಿನ ಕಣ್ಣಿಗೆ ಮೊದಲು ಬೀಳುವುದು ಈ ಹಂಚಿಕೆಯೇ. ಅದರ ಮೇಲೆ ಹಲವು ತಂತ್ರಾಂಶಗಳು ಕಂಪ್ಯೂಟರ್ ಆನ್ ಆದಾಗ ತಾವೂ ಎದ್ದು ಕೂರುತ್ತವೆ. ರಜೆಯಲ್ಲಿ ಮನೆಯಲ್ಲಿ ಶುರುವಾದ ಟೊರೆಂಟ್, ಹಾಸ್ಟೆಲ್ ವೈಫೈಗೆ ಸೇರಿದ ಮೊದಲ ನಿಮಿಷದಲ್ಲೇ ಯಾರೂ ಏನೂ ಒತ್ತದೆ ಮುಂದುವರಿಯುತ್ತದೆ.

ಆದ್ದರಿಂದ ತಿಳಿವಳಿಕೆ ಕೊಡುವಾಗ "ಪೈರಸಿ ಅಪರಾಧ" ಎಂಬ ಪೋಸ್ಟರ್ ಅಂಟಿಸಿದರೆ ಸಾಲದು. ತಂತ್ರಾಂಶದ ಕಿಟಕಿ ಮುಚ್ಚಿದರೆ ಅದು ನಿಲ್ಲುವುದಿಲ್ಲ, ಟ್ರೇಯಲ್ಲಿ ಅಡಗಿರುತ್ತದೆ, ಅಲ್ಲಿಂದ ಪೂರ್ತಿ ಎಕ್ಸಿಟ್ ಮಾಡಬೇಕು ಎಂದು ತೋರಿಸಿ. ಕಂಪ್ಯೂಟರ್ ಜೊತೆ ಶುರುವಾಗುವ ಆಯ್ಕೆಯನ್ನು ಎಲ್ಲಿ ತೆಗೆಯಬೇಕೆಂದು ಹೇಳಿ. ಇಳಿದ ಫೈಲನ್ನು ಅಳಿಸಿದರೂ ಪಟ್ಟಿಯಲ್ಲಿ ಟೊರೆಂಟ್ ಉಳಿದಿದ್ದರೆ ಅದು ಮತ್ತೆ ಇಳಿಸಲು ಹೊರಡಬಹುದು, ಹಾಗಾಗಿ ಪಟ್ಟಿಯಿಂದಲೇ ತೆಗೆಯಬೇಕು. ಅಪ್‌ಲೋಡ್ ಮಿತಿಯನ್ನು ಸೊನ್ನೆಗೆ ಇಟ್ಟರೆ ಬಚಾವು ಎಂದುಕೊಂಡವರು ಬಹಳ ಜನ. ಹಲವು ತಂತ್ರಾಂಶಗಳಲ್ಲಿ ಸೊನ್ನೆ ಎಂದರೆ "ಮಿತಿಯೇ ಇಲ್ಲ" ಎಂದರ್ಥ! ಮಿತಿ ನಿಜವಾಗಿ ಬಿಗಿಯಾಗಿದ್ದರೂ ಆ ಯಂತ್ರದ ವಿಳಾಸ, ಯಾರು ಯಾವ ಫೈಲ್ ಹಂಚುತ್ತಿದ್ದಾರೆಂದು ಲೆಕ್ಕ ಇಡುವ ಟ್ರ್ಯಾಕರ್ ಸರ್ವರ್‌ನ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ದೂರು ಕಳಿಸುವವರು ಎಷ್ಟೋ ಸಲ ನೋಡುವುದು ಆ ಪಟ್ಟಿಯನ್ನೇ.

ಇನ್ನು ನಮ್ಮ ಮುಖ್ಯ ವಿಷಯ, ಲಾಗ್.

ಸರಿಯಾಗಿ ಬರೆದ ದೂರಿನಲ್ಲಿ ಐಪಿ ವಿಳಾಸ, ಪೋರ್ಟ್ ಸಂಖ್ಯೆ (ಒಂದು ವಿಳಾಸದೊಳಗೆ ಸಂಪರ್ಕವೊಂದನ್ನು ಗುರುತಿಸುವ ಅಂಕಿ), ಸೆಕೆಂಡಿನವರೆಗಿನ ಸಮಯ, ಆ ಸಮಯ ಯಾವ ಕಾಲವಲಯದ್ದು ಎಂಬುದು, ಕೃತಿಯ ಹೆಸರು ಮತ್ತು ಟೊರೆಂಟಿನ ಹ್ಯಾಶ್ ಇರುತ್ತವೆ. ಆಡಳಿತದವರು ಐಪಿ ವಿಳಾಸವೊಂದನ್ನೇ ನೋಡಿ "ಇದು ಯಾರದ್ದು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಕ್ಯಾಂಪಸ್‌ನಲ್ಲಿ ನ್ಯಾಟ್, ಅಂದರೆ ಒಂದೇ ಹೊರವಿಳಾಸವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ, ಇದ್ದರೆ ಆ ಒಂದೇ ವಿಳಾಸದ ಹಿಂದೆ ನೂರಾರು ಜನ ಇರುತ್ತಾರೆ, ಅವರನ್ನು ಬೇರ್ಪಡಿಸುವುದು ಪೋರ್ಟ್ ಸಂಖ್ಯೆ ಮಾತ್ರ. ದೂರಿನಲ್ಲಿ ಪೋರ್ಟ್ ಇಲ್ಲದಿದ್ದರೆ ಅದನ್ನು ಕೇಳಿ ಮರುಮೇಲ್ ಕಳಿಸಿ. ಪೋರ್ಟ್ ಸಿಗದೆ ಊಹೆಯ ಮೇಲೆ ಯಾರನ್ನೂ ಕರೆಸಬೇಡಿ.

ಹುಡುಕುವ ಸರಪಳಿಗೆ ಮೂರು ಕೊಂಡಿಗಳು. ಹೊರವಿಳಾಸ, ಪೋರ್ಟ್, ಸಮಯ ಮೂರನ್ನೂ ಹಿಡಿದು ನ್ಯಾಟ್ ಲಾಗ್‌ನಲ್ಲಿ ಒಳವಿಳಾಸ ಹುಡುಕಬೇಕು. ಆ ಒಳವಿಳಾಸ ಆ ಹೊತ್ತಿನಲ್ಲಿ ಯಾವ ಸಾಧನದ ಕೈಯಲ್ಲಿತ್ತು ಎಂಬುದನ್ನು ಒಳವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನ ಲಾಗ್ ಹೇಳುತ್ತದೆ. ಆ ಸಾಧನ ಯಾವ ಲಾಗಿನ್‌ನಿಂದ ಒಳಬಂದಿತ್ತು ಎಂಬುದು ಲಾಗಿನ್ ತಪಾಸಣೆ ಮಾಡುವ ರೇಡಿಯಸ್ ಸರ್ವರ್‌ನಲ್ಲಿದೆ. ಮೂರರಲ್ಲಿ ಒಂದು ಕೊಂಡಿ ಕಳಚಿದರೂ ಮುಂದೆ ಹೋಗಲಾಗದು. ಕಳಚುವುದು ಹೆಚ್ಚಾಗಿ ಗಡಿಯಾರದಿಂದ. ಫೈರ್‌ವಾಲ್ ಸ್ಥಳೀಯ ಸಮಯದಲ್ಲಿ ಬರೆಯುತ್ತದೆ, ರೇಡಿಯಸ್ ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಬರೆಯುತ್ತದೆ, ನ್ಯಾಟ್ ಸಾಧನದ ಗಡಿಯಾರ ನಾಲ್ಕು ನಿಮಿಷ ಹಿಂದಿರುತ್ತದೆ. ನಾಲ್ಕು ನಿಮಿಷ ಅಲ್ಪ ಎನಿಸಬಹುದು. ಆದರೆ ಯುಡಿಪಿ ಎಂಬ ಬಗೆಯ ಸಂಪರ್ಕ ಸುಮ್ಮನಾದ ಮೇಲೆ ನ್ಯಾಟ್ ಆ ಪೋರ್ಟನ್ನು ಹಿಡಿದಿಟ್ಟುಕೊಳ್ಳಬೇಕಾದ ಕನಿಷ್ಠ ಅವಧಿ ಎರಡು ನಿಮಿಷ. ಅಂದರೆ ನಾಲ್ಕು ನಿಮಿಷದ ಅಂತರದಲ್ಲಿ ಅದೇ ಪೋರ್ಟ್ ಬೇರೆ ವಿದ್ಯಾರ್ಥಿಗೆ ಹೋಗಿರಬಹುದು, ಏನೂ ತಿಳಿಯದ ಹುಡುಗಿಯೊಬ್ಬಳು ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗಬಹುದು. ಎಲ್ಲ ಯಂತ್ರಗಳನ್ನೂ ಗಡಿಯಾರ ಹೊಂದಿಸುವ ಒಂದೇ ಎನ್‌ಟಿಪಿ ಮೂಲಕ್ಕೆ ಜೋಡಿಸಿ, ಲಾಗ್‌ಗಳೆಲ್ಲ ಯುಟಿಸಿಯಲ್ಲೇ ಇರಲಿ. ಇದಕ್ಕೆ ಖರ್ಚಿಲ್ಲ, ಒಂದು ಮಧ್ಯಾಹ್ನದ ಕೆಲಸ.

ಜಾಗ ಸಾಲದು ಎಂಬ ಕಾರಣಕ್ಕೆ ನ್ಯಾಟ್ ಲಾಗ್ ಇಡದಿರುವವರೂ ಇದ್ದಾರೆ. ಲೆಕ್ಕ ಹಾಕೋಣ. ಒಬ್ಬರಿಗೆ ದಿನಕ್ಕೆ 30,000 ಸಂಪರ್ಕ, ಒಂದು ದಾಖಲೆಗೆ 150 ಬೈಟ್ ಎಂದಿಟ್ಟುಕೊಂಡರೆ 4.5 ಎಂಬಿ ಆಯಿತು. 2,000 ವಿದ್ಯಾರ್ಥಿಗಳಿಗೆ ದಿನಕ್ಕೆ 9 ಜಿಬಿ, 90 ದಿನಕ್ಕೆ 810 ಜಿಬಿ. ಒಂದು ಸಾಧಾರಣ ಡಿಸ್ಕಿಗೆ ಹಿಡಿಯುತ್ತದೆ, ಹುಡುಕುವುದು ನಿಧಾನ ಅಷ್ಟೆ. ಇದಕ್ಕಿಂತ ಒಳ್ಳೆಯ ಉಪಾಯ ಪೋರ್ಟ್‌ಗಳನ್ನು ಗುಂಪಾಗಿ ಹಂಚುವುದು. ಒಂದು ಹೊರವಿಳಾಸದಲ್ಲಿ 1024ರಿಂದ 65535ರವರೆಗೆ 64,512 ಪೋರ್ಟ್‌ಗಳಿವೆ. ಒಬ್ಬೊಬ್ಬರಿಗೆ 512ರ ಗುಂಪು ಕೊಟ್ಟರೆ ಒಂದು ವಿಳಾಸಕ್ಕೆ 126 ಜನ, 2,000 ಜನರಿಗೆ 16 ವಿಳಾಸ ಸಾಕು. ಆಗ ಪ್ರತಿ ಸಂಪರ್ಕವನ್ನೂ ಬರೆಯಬೇಕಿಲ್ಲ. ಯಾವ ಗುಂಪು ಯಾವಾಗ ಯಾರಿಗೆ ಹೋಯಿತು, ಯಾವಾಗ ಮರಳಿತು ಎಂಬ ಒಂದೆರಡು ಸಾಲು ಸಾಕು. ಗುಂಪು ತುಂಬಿದವರಿಗೆ ಎರಡನೆಯದೊಂದು ಸಿಗುವಂತೆ ಇಡಿ. ಇಲ್ಲದಿದ್ದರೆ ನ್ಯಾಯವಾದ ಕೆಲಸ ಮಾಡುತ್ತಿರುವವರಿಗೂ ಪುಟಗಳು ಅರ್ಧಕ್ಕೇ ನಿಲ್ಲುತ್ತವೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಈ ಕ್ರಮದಲ್ಲಿ ಇನ್ನೊಂದು ಒಳಿತೂ ಇದೆ. ವಿದ್ಯಾರ್ಥಿ ಯಾವ ತಾಣಕ್ಕೆ ಹೋದ, ಏನು ಓದಿದ ಎಂಬುದು ನಿಮ್ಮ ಲಾಗ್‌ನಲ್ಲಿ ಉಳಿಯುವುದೇ ಇಲ್ಲ. ಉಳಿಯಲೂಬಾರದು. ಎಷ್ಟು ದಿನ ಇಡುತ್ತೀರಿ ಎಂಬುದನ್ನು ಮೊದಲೇ ನಿಗದಿ ಮಾಡಿ, ಆ ದಿನ ಮುಗಿದ ಮೇಲೆ ತಾನಾಗಿ ಅಳಿಯುವಂತೆ ಮಾಡಿ. ಕಾನೂನಿನ ಆದೇಶ ಬಂದ ದಾಖಲೆಗಳನ್ನು ಮಾತ್ರ ಬೇರೆ ಎತ್ತಿಡಿ.

ಸಾಧನದ ಮ್ಯಾಕ್ ವಿಳಾಸವನ್ನು (ಜಾಲದಲ್ಲಿ ಸಾಧನದ ಗುರುತುಸಂಖ್ಯೆ) ಪಟ್ಟಿ ಮಾಡಿಟ್ಟುಕೊಂಡಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು: ಆಂಡ್ರಾಯ್ಡ್ 10 (2019), ಐಒಎಸ್ 14 (2020) ಬಂದಾಗಿನಿಂದ ಫೋನುಗಳು ವೈಫೈಗೆ ಸೇರುವಾಗ ಬದಲಿ ಮ್ಯಾಕ್ ವಿಳಾಸ ತೋರಿಸುವುದೇ ವಾಡಿಕೆ. ಇಡೀ ಹಾಸ್ಟೆಲ್ಲಿಗೆ ಒಂದೇ ವೈಫೈ ಪಾಸ್‌ವರ್ಡ್ ಇದ್ದರಂತೂ "ಯಾರು?" ಎಂಬ ಪ್ರಶ್ನೆ ಕೇಳುವುದೇ ವ್ಯರ್ಥ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, 802.1ಎಕ್ಸ್ (ಲಾಗಿನ್ ನೋಡಿಯೇ ಜಾಲದೊಳಗೆ ಬಿಡುವ ಪದ್ಧತಿ) ಮೂಲಕ ಪ್ರವೇಶ. ಇದಕ್ಕೆ ಬದಲಿ ಇಲ್ಲ. ಐಪಿವಿ6 (ಹೊಸ ಬಗೆಯ, ಉದ್ದನೆಯ ಐಪಿ ವಿಳಾಸ) ಇರುವ ಕಡೆ ಒಂದೇ ಫೋನಿಗೆ ಹಲವು ವಿಳಾಸಗಳಿರುತ್ತವೆ, ತಾತ್ಕಾಲಿಕ ವಿಳಾಸಗಳು ಹೆಚ್ಚೂಕಡಿಮೆ ದಿನಕ್ಕೊಮ್ಮೆ ಬದಲಾಗುತ್ತವೆ. ಅಲ್ಲಿ ಡಿಎಚ್‌ಸಿಪಿ ಲಾಗ್ ಸಾಲದು, ರೂಟರ್‌ನ ನೆರೆಹೊರೆ ಕೋಷ್ಟಕವನ್ನು (ಯಾವ ವಿಳಾಸ ಯಾವ ಸಾಧನದ್ದು ಎಂಬ ಪಟ್ಟಿ) ಐದೈದು ನಿಮಿಷಕ್ಕೊಮ್ಮೆ ಉಳಿಸಿಡಬೇಕು.

ಇಷ್ಟೆಲ್ಲ ಸರಿಯಿದ್ದರೂ ದೂರು ಎಂಬುದು ಆರೋಪ, ಸಾಕ್ಷ್ಯವಲ್ಲ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಒಂದು ಫೈಲನ್ನೂ ಹಂಚದೆ ತಮ್ಮ ಪ್ರಿಂಟರ್‌ಗಳ ಹೆಸರಿಗೆ ಕೃತಿಸ್ವಾಮ್ಯದ ದೂರು ಬರುವಂತೆ ಮಾಡಿ ತೋರಿಸಿದರು. ಸಾಧ್ಯವಾದದ್ದು ಹೇಗೆಂದರೆ, ಟ್ರ್ಯಾಕರ್‌ಗೆ ವರದಿ ಮಾಡುವಾಗ ಬೇರೆ ಯಾವುದೋ ಐಪಿ ವಿಳಾಸವನ್ನು ಹೇಳಲು ಆ ಪದ್ಧತಿಯಲ್ಲೇ ಅವಕಾಶವಿತ್ತು, ದೂರುದಾರರು ಫೈಲಿನ ತುಂಡನ್ನು ನಿಜವಾಗಿ ಪಡೆದು ನೋಡದೆ ಪಟ್ಟಿಯನ್ನು ನಂಬುತ್ತಿದ್ದರು. ಪ್ರಿಂಟರ್ ಸಿನಿಮಾ ಹಂಚುವುದಿಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಅದೇ ವಿಳಾಸ ಒಬ್ಬ ವಿದ್ಯಾರ್ಥಿಯದಾಗಿದ್ದರೆ?

ಹಾಗಾಗಿ ದೂರು ನಿರ್ವಹಣೆಯ ಕ್ರಮ ಕಾಗದದ ಮೇಲೆ ಇರಲಿ. ದೂರು ತೆಗೆದುಕೊಳ್ಳಲು ಒಬ್ಬ ವ್ಯಕ್ತಿ, ಅವರು ರಜೆಯಲ್ಲಿದ್ದಾಗ ಇನ್ನೊಬ್ಬರು. ದೂರಿಗೆ ಕಾರಣವಾದ ಫೈಲ್ ನಿಮ್ಮ ಸರ್ವರ್‌ನಲ್ಲೇ ಇದೆಯೇ, ವಿದ್ಯಾರ್ಥಿಯ ಸ್ವಂತ ಯಂತ್ರದಲ್ಲಿದೆಯೇ ಎಂದು ಮೊದಲು ನೋಡಬೇಕು. ಕೋರ್ಸಿನ ಪುಟದಲ್ಲೋ ವಿಭಾಗದ ಜಾಲತಾಣದಲ್ಲೋ ಇದ್ದರೆ ಅದನ್ನು ತೆಗೆಯುವುದು ನಿಮ್ಮ ಕೈಯಲ್ಲಿದೆ, ತಡಮಾಡಬೇಡಿ. ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿದ್ದರೆ ನೀವು ಬರೀ ಹಾದಿ. ಅಳಿಸಲು ನಿಮ್ಮ ಬಳಿ ಏನೂ ಇಲ್ಲ, ವಿಷಯ ತಲುಪಿಸಬೇಕು ಅಷ್ಟೆ. ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ದೂರುದಾರರಿಗೆ "ತಲುಪಿತು, ಕ್ರಮ ತೆಗೆದುಕೊಂಡಿದ್ದೇವೆ" ಎಂದು ಉತ್ತರಿಸಿ. ವಿದ್ಯಾರ್ಥಿಯ ಹೆಸರನ್ನು ಕಾನೂನಿನ ಆದೇಶವಿಲ್ಲದೆ ಕೊಡಬೇಡಿ. ಕೆಲವು ದೂರುಗಳ ಕೊನೆಯಲ್ಲಿ "ಇಲ್ಲಿ ಇಷ್ಟು ಹಣ ಕಟ್ಟಿದರೆ ಪ್ರಕರಣ ಮುಗಿಯುತ್ತದೆ" ಎಂಬ ಕೊಂಡಿ ಇರುತ್ತದೆ. ಆ ಭಾಗವನ್ನು ಕತ್ತರಿಸಿಯೇ ವಿದ್ಯಾರ್ಥಿಗೆ ಕಳಿಸಿ. ಹೆದರಿದ ಹತ್ತೊಂಬತ್ತರ ಹುಡುಗ ಯಾರನ್ನೂ ಕೇಳದೆ ಕಟ್ಟಿಬಿಡುತ್ತಾನೆ. ಅಂಥ ಮೇಲ್‌ಗಳಲ್ಲಿ ನಕಲಿಯವೂ ಬರುತ್ತವೆ.

ಎಣಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲೇ. ದೂರುಗಳು ಯಂತ್ರದಿಂದ ಹೊರಡುತ್ತವೆ, ಗುಂಪಾಗಿ ಬರುತ್ತವೆ. ಒಂದು ಧಾರಾವಾಹಿಯ ಒಂದು ಸರಣಿಯನ್ನು ಒಬ್ಬ ಒಂದು ರಾತ್ರಿ ಇಳಿಸಿದ್ದಕ್ಕೆ ಕಂತಿಗೊಂದರಂತೆ ಹತ್ತು ದೂರು ಬರಬಹುದು. ಒಂದೇ ಫೈಲಿಗೆ ಮೂರು ದಿನ ಸತತವಾಗಿ ಬರಬಹುದು. "ಮೂರು ದೂರಾದರೆ ನೆಟ್ ಕಡಿತ" ಎಂದು ನಿಯಮವಿಟ್ಟು ಇದನ್ನು ಹಾಗೇ ಎಣಿಸಿದರೆ, ಮೊದಲ ಎಚ್ಚರಿಕೆ ಓದುವ ಮೊದಲೇ ಆ ವಿದ್ಯಾರ್ಥಿ ಮೂರನೇ ಅಪರಾಧದ ಶಿಕ್ಷೆಗೆ ಬಿದ್ದಿರುತ್ತಾನೆ. ವಿದ್ಯಾರ್ಥಿಗೆ ವಿಷಯ ತಲುಪಿದ ಹೊತ್ತಿಗಿಂತ ಮುಂಚಿನದೆಲ್ಲವೂ ಒಂದೇ ಘಟನೆ ಎಂದು ಹಿಡಿಯಿರಿ. ಎಣಿಕೆಗೆ ಆಧಾರ ದೂರಿನಲ್ಲಿರುವ ಸಮಯ, ಮೇಲ್ ಬಂದ ದಿನವಲ್ಲ.

ಮೊದಲ ಸಲ ಮೇಲ್ ಕಳಿಸಿ, ಏನಾಯಿತು ಮತ್ತು ಹೇಗೆ ನಿಲ್ಲಿಸಬೇಕು ಎಂಬ ಒಂದು ಪುಟ ಓದಿಸಿ, ಓದಿದ್ದೇನೆ ಎಂದು ಒಪ್ಪಿಗೆ ಪಡೆಯಿರಿ, ಅಷ್ಟು ಸಾಕು. ಎರಡು ದಿನ ಕಳೆದರೂ ಉತ್ತರವಿಲ್ಲದಿದ್ದರೆ ಆ ಲಾಗಿನ್ ಅನ್ನು ಪ್ರತ್ಯೇಕ ವಿಲ್ಯಾನ್‌ಗೆ (ಜಾಲದೊಳಗೇ ಬೇರ್ಪಡಿಸಿದ ಭಾಗ) ಸರಿಸಬಹುದು. ಆದರೆ ಅಲ್ಲಿಂದಲೂ ಕಾಲೇಜಿನ ಮೇಲ್, ಕೋರ್ಸಿನ ಪುಟಗಳು, ಪರೀಕ್ಷೆ ತಾಣ, ಗ್ರಂಥಾಲಯ ತೆರೆದಿರಲೇಬೇಕು. ಎಚ್‌ಟಿಟಿಪಿಎಸ್ ತಾಣಗಳನ್ನು ನಿಮ್ಮ ಎಚ್ಚರಿಕೆ ಪುಟಕ್ಕೆ ತಿರುಗಿಸಲು ಆಗುವುದಿಲ್ಲ, ವಿದ್ಯಾರ್ಥಿಗೆ ಕಾಣುವುದು ಬರೀ ಪ್ರಮಾಣಪತ್ರದ ದೋಷ. ಆದ್ದರಿಂದ ಮೇಲ್ ಮತ್ತು ಸಂದೇಶ ಎರಡನ್ನೂ ಕಳಿಸಿ. ಎರಡನೇ ಸಲ ನೆಟ್‌ವರ್ಕ್ ಸಿಬ್ಬಂದಿಯೊಬ್ಬರು ಎದುರು ಕೂತು ಲ್ಯಾಪ್‌ಟಾಪಿನಲ್ಲಿ ಏನು ಓಡುತ್ತಿದೆ ಎಂದು ವಿದ್ಯಾರ್ಥಿಯಿಂದಲೇ ತೆರೆಸಿ ನೋಡಲಿ. ರೂಮ್‌ಮೇಟ್‌ಗೆ ಕೊಟ್ಟ ಪಾಸ್‌ವರ್ಡ್, ಹಾಟ್‌ಸ್ಪಾಟ್ ಮಾಡಿ ಹಂಚಿದ ಸಂಪರ್ಕ ಬೆಳಕಿಗೆ ಬರುವುದು ಇಲ್ಲೇ. ಮೂರನೆಯದಕ್ಕೆ ಮಾತ್ರ ಸಮಿತಿ. ಪರೀಕ್ಷೆಯ ವಾರದಲ್ಲಿ ಯಾರ ಸಂಪರ್ಕವನ್ನೂ ಪೂರ್ತಿ ಕಡಿಯಬೇಡಿ.

ಈಗ ಆ ಪೆಟ್ಟಿಗೆಯ ವಿಷಯ. ಪ್ಯಾಕೆಟ್ ಒಳಗೆ ಇಣುಕಿ ಟೊರೆಂಟ್ ಗುರುತಿಸುವ ಸಾಧನಗಳು ಗೂಢಲಿಪಿಯ ಮುಂದೆ ಮಂಕಾಗುತ್ತವೆ. ಟೊರೆಂಟ್ ತಂತ್ರಾಂಶಗಳಲ್ಲಿ ಅದು ಎಂದೋ ಬಂದಿದೆ. 6881ರಿಂದ 6889ರ ಹಳೆಯ ಪೋರ್ಟ್‌ಗಳನ್ನು ಮುಚ್ಚುವುದರಿಂದ ಏನೂ ಆಗದು, ತಂತ್ರಾಂಶ ಬೇರೆ ಯಾವುದೋ ಪೋರ್ಟ್ ಹಿಡಿಯುತ್ತದೆ. ಇನ್ನಷ್ಟು ಬಿಗಿ ಮಾಡಿದರೆ ವಿದ್ಯಾರ್ಥಿಗಳು ಯಾರದೋ ಉಚಿತ ವಿಪಿಎನ್ ಹಾಕಿಕೊಳ್ಳುತ್ತಾರೆ, ಅವರ ಬ್ಯಾಂಕ್ ವ್ಯವಹಾರವೂ ಅದೇ ಅಪರಿಚಿತ ದಾರಿಯಲ್ಲಿ ಹೋಗತೊಡಗುತ್ತದೆ. ಲಿನಕ್ಸ್ ವಿತರಣೆಗಳು, ಸಂಶೋಧನೆಯ ದೊಡ್ಡ ದತ್ತಾಂಶಗಳು ಇದೇ ಟೊರೆಂಟ್ ದಾರಿಯಲ್ಲಿ ನ್ಯಾಯವಾಗಿ ಬರುತ್ತವೆ. ಅವಕ್ಕೂ ಪೆಟ್ಟು ಬೀಳುತ್ತದೆ.

ಫಲ ಕೊಡುವುದು ಸರಳ ಕ್ರಮಗಳು. ಯಾವ ತಂತ್ರಾಂಶ ಎಂದು ನೋಡದೆ ತಲೆಗೊಂದು ಪಾಲು ಹಂಚಿ. ಎಫ್‌ಕ್ಯೂ-ಕೋಡೆಲ್, ಕೇಕ್‌ನಂಥ ಸರದಿ ಪದ್ಧತಿಗಳು ಮುಕ್ತ ತಂತ್ರಾಂಶದಲ್ಲೇ ಇವೆ. ಬಳಕೆದಾರವಾರು ಪಾಲು ಮಾಡುವಂತೆ ಹೊಂದಿಸುವುದನ್ನು ಮರೆಯಬೇಡಿ. ಸಂಪರ್ಕವಾರು ಬಿಟ್ಟರೆ ನೂರಾರು ಸಂಪರ್ಕ ತೆರೆಯುವ ಟೊರೆಂಟಿಗೇ ಹೆಚ್ಚು ಪಾಲು ಹೋಗುತ್ತದೆ. ಹಾಸ್ಟೆಲ್ ಜಾಲಕ್ಕೆ ಹೊರಗಿನಿಂದ ತಾವಾಗಿ ಬರುವ ಸಂಪರ್ಕಗಳನ್ನು ಮುಚ್ಚಿ, ತಂತ್ರಾಂಶ ತಾನೇ ಹೊರಗಿನವರಿಗೆ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿಯನ್ನು ಆಫ್ ಮಾಡಿ. ಅಪ್‌ಲೋಡ್‌ಗೆ ವಿಡಿಯೊ ತರಗತಿ ಮತ್ತು ಅಸೈನ್‌ಮೆಂಟ್ ಕಳಿಸಲು ಸಾಕಾಗುವಷ್ಟು ಮಿತಿ ಇಡಿ. ಹೊರಗೆ ಹಂಚುವುದು ತಾನಾಗಿ ಇಳಿಯುತ್ತದೆ. ಪೂರ್ತಿ ನಿಲ್ಲುವುದಿಲ್ಲ, ನಿಲ್ಲುತ್ತದೆ ಎಂದು ಹೇಳಿ ಮಾರಲು ಬರುವವರನ್ನು ನಂಬಬೇಡಿ.

ಅವರು ತರುವ ಅಂಕಿಅಂಶಗಳ ಬಗ್ಗೆಯೂ ಎಚ್ಚರ. ಅಮೆರಿಕದ ಸಿನಿಮಾ ನಿರ್ಮಾಪಕರ ಒಕ್ಕೂಟ ತನ್ನ ದೇಶದೊಳಗಿನ ನಷ್ಟದಲ್ಲಿ 44 ಶೇಕಡಾ ಕಾಲೇಜು ವಿದ್ಯಾರ್ಥಿಗಳಿಂದ ಎಂದು ಹೇಳುತ್ತಿತ್ತು. 2008ರ ಜನವರಿಯಲ್ಲಿ ಅದೇ ಒಕ್ಕೂಟ ಲೆಕ್ಕ ತಪ್ಪಿತ್ತು, ಅದು 15 ಶೇಕಡಾ ಎಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಆ ಮೊದಲ ಅಂಕಿ ಕಾನೂನು ಮಾಡುವವರ ಮೇಜಿನವರೆಗೆ ಹೋಗಿಯಾಗಿತ್ತು.

ಆ ಕಾನೂನೂ ತಿಳಿದಿರಬೇಕಾದದ್ದೇ. 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಅನಧಿಕೃತ ಹಂಚಿಕೆಯನ್ನು ತಡೆಯಲು ಕ್ರಮ ಕೈಗೊಳ್ಳುವುದನ್ನು ಅಮೆರಿಕದ ಕಾಲೇಜುಗಳಿಗೆ ಕರ್ತವ್ಯವನ್ನಾಗಿ ಮಾಡಿತು, ನಿಯಮಗಳು 2010ರ ಜುಲೈ 1ರಿಂದ ಜಾರಿಗೆ ಬಂದವು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ತಿಳಿಸಬೇಕು, ಬರೆದ ಯೋಜನೆ ಇರಬೇಕು, ಅದರಲ್ಲಿ ಒಂದಾದರೂ ತಾಂತ್ರಿಕ ಕ್ರಮ ಇರಬೇಕು, ನ್ಯಾಯವಾದ ಬದಲಿ ದಾರಿಗಳನ್ನು ತೋರಿಸಬೇಕು. ಪೆಟ್ಟಿಗೆ ಕೊಳ್ಳಲೇಬೇಕೆಂದು ಅಲ್ಲಿಯೂ ಹೇಳಿಲ್ಲ: ವೇಗ ನಿಯಂತ್ರಣ, ಹೆಚ್ಚು ಬಳಸುವವರನ್ನು ಗುರುತಿಸುವುದು, ದೂರುಗಳಿಗೆ ಚುರುಕಾಗಿ ಸ್ಪಂದಿಸುವುದು ಕೂಡ ತಾಂತ್ರಿಕ ಕ್ರಮಗಳೇ. ಪಾಠಕ್ಕೂ ಸಂಶೋಧನೆಗೂ ಅತಿಯಾಗಿ ಅಡ್ಡಿಯಾಗಬಾರದು ಎಂದೂ ಬರೆದಿದೆ. ಅಲ್ಲಿನ ಶಾಸನಬದ್ಧ ಪರಿಹಾರ ಒಂದು ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದಾದರೆ 1,50,000ದವರೆಗೆ. 2009ರಲ್ಲಿ ಒಬ್ಬ ವಿದ್ಯಾರ್ಥಿಗೆ 30 ಹಾಡುಗಳಿಗಾಗಿ 6,75,000 ಡಾಲರ್ ತೆರಲು ಜ್ಯೂರಿ ಹೇಳಿತು, ಹಾಡೊಂದಕ್ಕೆ 22,500. ನಿಮ್ಮ ನಾಡಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಹೀಗೆಯೇ ಅಂಕಿಗಳಲ್ಲಿ, ಒಂದು ಪುಟದಲ್ಲಿ, ಸೇರ್ಪಡೆಯ ದಿನವೇ ವಿದ್ಯಾರ್ಥಿಗಳ ಕೈಗೆ ಕೊಡಿ.

ದೂರೇ ಬಾರದ ಉಲ್ಲಂಘನೆಗಳೂ ಇವೆ. ಹಾಸ್ಟೆಲ್ ಒಳಗಿನ ಡಿಸಿ++ ಹಬ್ (ಒಳಜಾಲದಲ್ಲೇ ಫೈಲ್ ಹಂಚುವ ಕೂಟ), ಪೆನ್‌ಡ್ರೈವ್, ಮೆಸೇಜ್ ಗುಂಪುಗಳಲ್ಲಿ ಓಡಾಡುವ ಪಿಡಿಎಫ್, ಕದ್ದ ಪ್ರಸಾರದ ತಾಣಗಳು. ದೂರು ಕಡಿಮೆಯಾಯಿತು ಎಂದರೆ ಉಲ್ಲಂಘನೆ ಕಡಿಮೆಯಾಯಿತು ಎಂದಲ್ಲ. ಅದರಲ್ಲೂ ಪಿಡಿಎಫ್ ವಿಷಯದಲ್ಲಿ ಕಾಲೇಜು ತನ್ನನ್ನೇ ನೋಡಿಕೊಳ್ಳಬೇಕು. ಪೂರ್ತಿ ಪಠ್ಯಪುಸ್ತಕವನ್ನು ಸ್ಕ್ಯಾನ್ ಮಾಡಿ ತರಗತಿಯ ಗುಂಪಿಗೆ ಹಾಕುವವರು ಹಲವು ಸಲ ಅಧ್ಯಾಪಕರೇ. ಪಾಠ ಶುರುವಾಗಿ ಎರಡು ವಾರವಾದರೂ ಗ್ರಂಥಾಲಯದಲ್ಲಿ ಎರಡು ಪ್ರತಿ ಮಾತ್ರ ಇದ್ದರೆ ಅರುವತ್ತು ವಿದ್ಯಾರ್ಥಿಗಳು ಏನು ಮಾಡಬೇಕು?

ಅಧ್ಯಾಪಕರು ಪಠ್ಯದ ಪಟ್ಟಿಯನ್ನು ಸೆಮಿಸ್ಟರ್ ಶುರುವಾಗುವ ಎಂಟು ವಾರ ಮುಂಚೆ ಗ್ರಂಥಪಾಲಕರಿಗೆ ಕೊಡುವುದನ್ನು ಕಡ್ಡಾಯ ಮಾಡಿ. ಅಷ್ಟು ಸಮಯ ಸಿಕ್ಕರೆ ಕಾಯ್ದಿರಿಸಿದ ಪ್ರತಿಗಳು, ಇ-ಪುಸ್ತಕದ ಪರವಾನಗಿ, ಬೇರೆ ಗ್ರಂಥಾಲಯದಿಂದ ಎರವಲು ಎಲ್ಲಕ್ಕೂ ಅವಕಾಶವಿದೆ. ಇ-ಪುಸ್ತಕ ಕೊಳ್ಳುವಾಗ ಏಕಕಾಲಕ್ಕೆ ಎಷ್ಟು ಜನ ಓದಬಹುದು ಎಂಬುದನ್ನು ಕೇಳಿಯೇ ಸಹಿ ಹಾಕಿ. ಒಬ್ಬರಿಗೆ ಮಾತ್ರ ಅನುಮತಿಯಿರುವ ಪರವಾನಗಿ ತರಗತಿಗೆ ಪ್ರಯೋಜನವಿಲ್ಲ. ಮೂಲ ವಿಷಯಗಳ ಪಾಠಕ್ಕೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕಗಳು ಉಚಿತ, ಹಂಚಲೂ ಅನುಮತಿ ಇದೆ. ಲೇಖನಗಳನ್ನು ಉಚಿತವಾಗಿ ಓದಲು ಅನ್‌ಪೇವಾಲ್, ಆರ್ಕೈವ್ (arXiv), ಪಬ್‌ಮೆಡ್ ಸೆಂಟ್ರಲ್ ಎಂಬ ಸೇವೆಗಳಿವೆ. ಇವನ್ನು ಗ್ರಂಥಾಲಯದ ಪುಟದ ಮೂಲೆಯಲ್ಲಿ ಪಟ್ಟಿ ಮಾಡಿಟ್ಟರೆ ಯಾರೂ ನೋಡುವುದಿಲ್ಲ. ಆಯಾ ಕೋರ್ಸಿನ ಪುಟದಲ್ಲಿ, ಆಯಾ ವಾರದ ಪಾಠದ ಪಕ್ಕದಲ್ಲಿ ಕೊಂಡಿ ಇರಲಿ.

ಗ್ರಂಥಾಲಯದ ಲಾಗಿನ್ ಬಳಸಿ ಸಾವಿರಾರು ಲೇಖನಗಳನ್ನು ಒಟ್ಟಿಗೆ ಇಳಿಸುವ ಸ್ಕ್ರಿಪ್ಟ್‌ಗಳ ಬಗ್ಗೆಯೂ ಜಾಗ್ರತೆ ಬೇಕು. ಪ್ರಕಾಶಕರ ಯಂತ್ರ ಅದನ್ನು ಗುರುತಿಸಿದರೆ ಮುಚ್ಚುವುದು ಆ ಒಬ್ಬರನ್ನಲ್ಲ, ಎಲ್ಲರ ಪರವಾಗಿ ಪ್ರಕಾಶಕರ ತಾಣಕ್ಕೆ ಹೋಗುವ ಪ್ರಾಕ್ಸಿ ಸರ್ವರ್‌ನ ವಿಳಾಸವನ್ನು. ಪ್ರಬಂಧ ಸಲ್ಲಿಸುವ ವಾರದಲ್ಲಿ ಇಡೀ ಕಾಲೇಜಿಗೆ ಬಾಗಿಲು ಹಾಕಿದಂತಾಗುತ್ತದೆ. ಈಝಿಪ್ರಾಕ್ಸಿ ಎಂಬ ಪ್ರಾಕ್ಸಿ ತಂತ್ರಾಂಶ ಬಳಸುವವರು ಅದರಲ್ಲಿನ ಯೂಸೇಜ್‌ಲಿಮಿಟ್ (ಬಳಕೆ ಮಿತಿ) ಹೊಂದಿಸಿಡಿ: 15 ನಿಮಿಷದಲ್ಲಿ 100 ಎಂಬಿ ದಾಟಿದ ಲಾಗಿನ್ ಅನ್ನು 120 ನಿಮಿಷ ತಡೆಹಿಡಿಯುವುದು ಶುರುವಿಗೆ ಸರಿಯಾದ ಅಳತೆ. ಮೊದಲ ತಿಂಗಳು ತಡೆಯದೆ ಬರೀ ದಾಖಲಿಸಿ ನೋಡಿ, ಚಿತ್ರಗಳು ಹೆಚ್ಚಿರುವ ವೈದ್ಯಕೀಯ ಅಥವಾ ವಾಸ್ತುಶಿಲ್ಪ ವಿಭಾಗದವರು ಸುಮ್ಮನೆ ಸಿಕ್ಕಿಬೀಳುತ್ತಿದ್ದರೆ ಮಿತಿ ಏರಿಸಿ. ದತ್ತಾಂಶ ಗಣಿಗಾರಿಕೆಗೆ ನಿಜವಾಗಿ ಬೇಕಾದವರಿಗೆ ಪ್ರಕಾಶಕರಿಂದ ಅನುಮತಿ ಕೇಳಿ ಕೊಡಿಸುವುದು ಗ್ರಂಥಪಾಲಕರ ಕೆಲಸ, ಕೇಳಿದರೆ ಮಾಡಿಕೊಡುತ್ತಾರೆ.

ಈ ಪತ್ರ ಓದಿದ ವಾರ ನೀವೊಂದು ಪರೀಕ್ಷೆ ಮಾಡಬೇಕೆಂದು ನಮ್ಮ ಬಿನ್ನಹ. ಒಪ್ಪಿದ ಒಬ್ಬ ಸಿಬ್ಬಂದಿ ಹಾಸ್ಟೆಲ್ ವೈಫೈನಿಂದ ಹೊರಗಿನ ಒಂದು ಸರ್ವರ್‌ಗೆ ಸಂಪರ್ಕ ಮಾಡಲಿ. ಆ ಸರ್ವರ್‌ಗೆ ಕಂಡ ಹೊರವಿಳಾಸ, ಪೋರ್ಟ್, ಯುಟಿಸಿ ಸಮಯವನ್ನು ಬರೆದಿಟ್ಟುಕೊಳ್ಳಲಿ. ಹತ್ತು ದಿನ ಬಿಟ್ಟು ಆ ಮೂರನ್ನು ಮಾತ್ರ ನೆಟ್‌ವರ್ಕ್ ತಂಡಕ್ಕೆ ಕೊಟ್ಟು, ಇದು ಯಾವ ಲಾಗಿನ್ ಎಂದು ಕೇಳಿ. ಅರ್ಧ ಗಂಟೆಯಲ್ಲಿ ಸರಿಯಾದ ಉತ್ತರ ಬಂದರೆ ಮುಂದಿನ ದೂರಿಗೆ ನೀವು ಸಿದ್ಧ. ಉತ್ತರ ಬರದಿದ್ದರೆ, ಅಥವಾ ಬೇರೆ ಯಾರದೋ ಹೆಸರು ಬಂದರೆ, ಲಾಗ್ ಸರಿಯಾಗುವವರೆಗೆ ಯಾವ ವಿದ್ಯಾರ್ಥಿಯ ಮೇಲೂ ಕ್ರಮ ಬೇಡ, ಈಗಾಗಲೇ ತೆಗೆದುಕೊಂಡ ಕ್ರಮಗಳ ಕಡತವನ್ನು ಮತ್ತೆ ತೆರೆದು ನೋಡಿ.

ಇಂತಿ,
ಕ್ಯಾಂಪಸ್ ನೆಟ್‌ವರ್ಕ್ ಮತ್ತು ಗ್ರಂಥಾಲಯಗಳಲ್ಲಿ ದುಡಿಯುವವರು